ಅಣ್ಣನ ಕಣ್ಣು, ಲಾರಿಯ ದೀಪ

ನಮ್ಮ ಲಾರಿಯ ಹೆಡ್‌ಲೈಟು ಮಂಕಾಗಿದೆ ಎಂದು ಮೊದಲು ಹೇಳಿದವನು ನನ್ನ ಅಣ್ಣ. ಮಂಕಾಗಿರುವುದು ಲೈಟಲ್ಲ, ನಿನ್ನ ಕಣ್ಣು ಎಂದವನು ನಾನು. ಅದನ್ನೂ ಮನೆಯೊಳಗೆ ಹೇಳಲಿಲ್ಲ. ತೂಬಗೆರೆ ಹತ್ತಿರದ ತೋಟವೊಂದರಲ್ಲಿ ತರಕಾರಿ ತುಂಬುತ್ತಿದ್ದ ಏಳೆಂಟು ಜನರ ಎದುರಿಗೇ ಹೇಳಿದೆ. ಅಣ್ಣ ಆ ಲಾರಿಯ ಸ್ಟೇರಿಂಗ್ ಹಿಡಿದು ಆಗಲೇ ಇಪ್ಪತ್ತು ವರ್ಷದ ಮೇಲಾಗಿತ್ತು.

ಹಿಂದಿನ ದಿನ ಬೆಳಗಿನ ಜಾವ ಅವನು ಎತ್ತಿನಗಾಡಿಯ ವೇಗದಲ್ಲಿ ಲಾರಿ ಓಡಿಸಿದ್ದ. ನಾವು ಬೆಂಗಳೂರಿನ ಮಾರ್ಕೆಟ್ ಮುಟ್ಟುವ ಹೊತ್ತಿಗೆ ಬೆಳಕು ಹರಿದು, ಮಾಲಿಗೆ ಕಾದಿದ್ದವರು ಬೇರೆಯವರ ಹತ್ತಿರ ಹೋಗಿಬಿಟ್ಟಿದ್ದರು. ಪಕ್ಕದ ಸೀಟಿನಲ್ಲಿ ದಾರಿಯುದ್ದಕ್ಕೂ ನಿದ್ದೆ ಹೊಡೆದು ಎದ್ದ ನನಗೆ ಮೈಯೆಲ್ಲ ಉರಿದಿತ್ತು. ಆ ಉರಿ ಇನ್ನೂ ಆರಿರಲಿಲ್ಲ.

“ಲೈಟು ಸಾಲ್ತಿಲ್ಲ ಕಣೋ, ರೋಡೇ ಕಾಣ್ತಿಲ್ಲ,” ಅಂದ ಅಣ್ಣ.

“ಲೈಟಲ್ಲ ಕಣಣ್ಣ, ನಿನ್ ಕಣ್ಣು. ವಯಸ್ಸಾಯ್ತು, ಒಪ್ಕೊಂಬಿಡು,” ಅಂದೆ. ತುಂಬುವವರು ನಕ್ಕರು. ಅಣ್ಣನೂ ನಗಲು ನೋಡಿದ.

ಸುಮ್ಮನಿರದೆ ಅವನನ್ನು ದೊಡ್ಡಬಳ್ಳಾಪುರದಲ್ಲಿ ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆ. ಪೊರೆ ಈಗಷ್ಟೇ ಶುರುವಾಗುತ್ತಿದೆ, ಸದ್ಯಕ್ಕೆ ಏನೂ ಮಾಡಬೇಕಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು ಅವರು. ನನ್ನ ಕಿವಿಗೆ ಬಿದ್ದದ್ದು ಪೊರೆ ಎಂಬ ಒಂದೇ ಮಾತು. ಮನೆಗೆ ಬಂದವನೇ ಕೀ ಕೇಳಿದೆ. ಅಣ್ಣ ಜೇಬಿನಿಂದ ತೆಗೆದು ಜಗಲಿಯ ಮೇಲಿಟ್ಟು ಹಸುಗಳಿಗೆ ಹುಲ್ಲು ಹಾಕಲು ಹೋದ. ಒಂದು ಮಾತು ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು.

ಆಮೇಲೆ ನಾನೇ ಓಡಿಸತೊಡಗಿದೆ. ಮೊದಲ ದಿನವೇ ಗೊತ್ತಾಗಿಹೋಯಿತು, ಲೈಟು ನಿಜವಾಗಿಯೂ ಮಂಕಾಗಿತ್ತು. ಬಂಪರ್ ಮುಂದೆ ನಾಲ್ಕು ಮಾರು ದೂರ ಹಳದಿ ಬೆಳಕು ಚೆಲ್ಲಿದಂತಿರುತ್ತಿತ್ತು, ಅದರಾಚೆ ಕಗ್ಗತ್ತಲೆ. ಆ ದಿನವೇ ಅಣ್ಣನ ಹತ್ತಿರ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಎಂಟು ಜನರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಮುಂದೆ ಹೋಗುವ ಯಾವುದಾದರೂ ಗಾಡಿಯ ಹಿಂದಿನ ಕೆಂಪು ದೀಪ ನೋಡಿಕೊಂಡು ಅದರ ಬೆನ್ನಿಗೆ ಬಿದ್ದು ಒಂದೂವರೆ ತಿಂಗಳು ಹೇಗೋ ತಳ್ಳಿದೆ. ಅಷ್ಟರಲ್ಲಿ ಮಂಜಿನ ಕಾಲ ಬಂತು. ರಾಜಘಟ್ಟದ ಹತ್ತಿರ ಒಂದು ಮುಂಜಾನೆ, ರಸ್ತೆ ಬದಿ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಇನ್ನೇನು ಗುದ್ದೇಬಿಟ್ಟೆ ಅನ್ನುವಾಗ ಬ್ರೇಕು ಹಿಡಿಯಿತು. ಬೆಳಕು ಹರಿಯುವವರೆಗೆ ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಂಡೆ.

ಮನೆಗೆ ಬಂದಾಗಲೂ ನಿಜ ಬಾಯಿಬಿಡಲಿಲ್ಲ. “ಹಳೇ ವೈರಿಂಗ್ ಕಿತ್ತಾಕಿ ಈಗಿನ ಕಾಲದ್ದು ಹಾಕಿಸ್ತೀನಿ,” ಅಂದೆ, ಅದೇನೋ ಗಾಡಿಗೆ ಮಾಡುವ ಉಪಕಾರದಂತೆ. ಅತ್ತಿಗೆಯ ಜೊತೆ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಣ್ಣ ತಲೆ ಎತ್ತಿ ನೋಡಿ ಮತ್ತೆ ಕಾಯಿಗೆ ಕೈ ಹಾಕಿದ.

ಊರಲ್ಲಿ ವಾಹನಗಳ ಎಲೆಕ್ಟ್ರಿಕ್ ಕೆಲಸ ಮಾಡುವವನು ಒಬ್ಬನಿದ್ದಾನೆ, ನನ್ನ ಜೊತೆ ಓದಿದವನು. ಲಾರಿಯನ್ನು ಕೊಟ್ಟಿಗೆಯ ಗೋಡೆಗೆ ಎದುರಾಗಿ ನಿಲ್ಲಿಸಿ ಅವನನ್ನು ಕರೆಸಿದೆ. “ನಿನ್ ಗಾಡೀಲಿ ಕರೆಂಟು ಬ್ಯಾಟ್ರಿ ಬಿಟ್ಟು, ಸ್ವಿಚ್ಚಿಗೆ ಹೋಗಿ, ಡ್ಯಾಶ್‌ಬೋರ್ಡೆಲ್ಲಾ ಸುತ್ಕೊಂಡು ಲೈಟಿಗೆ ಬರೋವಷ್ಟರಲ್ಲಿ ಸುಸ್ತಾಗೋಗಿರ್ತದೆ ಗುರು,” ಅಂದ. ನಡುವೆ ರಿಲೇ ಎಂಬ ಸಣ್ಣ ಡಬ್ಬಿ ಹಾಕಿದರೆ ಸ್ವಿಚ್ಚು ಬರೀ ಅಪ್ಪಣೆ ಕೊಡುತ್ತದೆ, ಕರೆಂಟು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೆಟ್ಟಗೆ ಲೈಟಿಗೆ ಹೋಗುತ್ತದೆ ಎಂದು ವಿವರಿಸಿದ. ಕೇಳಲು ಚೆನ್ನಾಗಿತ್ತು.

ಹಳೆಯ ವೈರು ಎಳೆದರೆ ಬರುವುದೇ ಇಲ್ಲ. ಕೆಂಪು ವೈರು ಎಲ್ಲೋ ಹೋಗಿ ಕಪ್ಪಾಗಿರುತ್ತಿತ್ತು, ಕಪ್ಪು ಇನ್ನೆಲ್ಲೋ ನೀಲಿಯಾಗಿರುತ್ತಿತ್ತು. ಒಂದು ಕಡೆ ಜಾಯಿಂಟಿಗೆ ಟೇಪಿನ ಬದಲು ಹಾಲಿನ ಕವರು ಸುತ್ತಿ ದಾರ ಕಟ್ಟಿತ್ತು. ಅಣ್ಣ ಯಾವುದೋ ದಾರಿಯಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಂಡದ್ದು. ಬೇಕೆಂದೇ ಅವನಿಗೆ ಕೇಳುವಂತೆ ಗೊಣಗಿದೆ. ಸಂಜೆಯ ಹೊತ್ತಿಗೆ ಹೊಸ ವೈರು, ಫ್ಯೂಸು, ಎರಡು ರಿಲೇ ಎಲ್ಲ ಕೂತವು. ಇನ್ನು ಕತ್ತಲಾಗುವುದನ್ನು ಕಾಯಬೇಕು. ಈ ಕೆಲಸದ ಕರ್ಮವೇ ಅದು, ಹಗಲು ಎಂಥ ಲೈಟೂ ಒಂದೇ ಥರ ಕಾಣುತ್ತದೆ. ಕತ್ತಲಾಯಿತು. ಸ್ವಿಚ್ಚು ಹಾಕಿದೆ. ಗೋಡೆಯ ಮೇಲೆ ಅದೇ ರೋಗಿಷ್ಠ ಹಳದಿ.

ಎರಡನೆಯ ದಿನ ಬಲ್ಬು ಬದಲಾಯಿಸಿದೆವು. ರಿಲೇ ಬದಲಾಯಿಸಿದೆವು. ಬಲ್ಬಿನ ಹಿಂದಿನ ಹೊಳಪಿನ ಬಟ್ಟಲುಗಳನ್ನೂ ಹೊಸದು ತಂದು ಹಾಕಿದೆವು. ಲೈಟಿನ ಹತ್ತಿರ ಮೀಟರ್ ಹಿಡಿದರೆ ಇಪ್ಪತ್ನಾಲ್ಕು ವೋಲ್ಟು ಪೂರ್ತಿ ತೋರಿಸುತ್ತಿತ್ತು.

“ಕರೆಂಟು ಬಂದೈತಲ್ಲ ಗುರು, ನೋಡು ನೀನೇ!”

“ಬಂದಿದ್ರೆ ಎಲ್ಲೋಯ್ತು? ನಿನ್ ಮೀಟ್ರು ಓಡಿಸ್ಕೊಂಡು ನಾನು ಮಾರ್ಕೆಟ್ಟಿಗೆ ಹೋಗ್ಲಾ?” ಎಂದು ಕೂಗಾಡಿದೆ. ಕತ್ತಲಾದ ಮೇಲೆ ಮತ್ತದೇ ಹಳದಿ ಕಂಡಾಗ ತಲೆ ಕೆಟ್ಟು ಬಂಪರಿಗೆ ಒದ್ದೆ. ಬಂಪರಿಗೇನೂ ಆಗಲಿಲ್ಲ, ಹೆಬ್ಬೆರಳಿನ ಉಗುರು ಕಪ್ಪಾಯಿತು. ಗಾಡಿಗೆ ದೃಷ್ಟಿಯಾಗಿದೆ, ನಾಲ್ಕು ನಿಂಬೆಹಣ್ಣು ತುಳಿಸು ಎಂದು ಹೇಳಿ ಗೆಳೆಯ ಸ್ಕೂಟರು ಹತ್ತಿದ. ಜಗಲಿಯ ಮೇಲೆ ಅಣ್ಣ ಎಲ್ಲವನ್ನೂ ನೋಡುತ್ತಾ ಕೂತಿದ್ದ. ಆ ಲಾರಿಯ ಒಂದೊಂದು ಸ್ಕ್ರೂ ಗೊತ್ತಿದ್ದವನು ಎದ್ದು ಬಂದು ಏನಾಗಿದೆ ಎಂದು ಒಂದು ಮಾತು ಕೇಳಲಿಲ್ಲವಲ್ಲ ಎಂದು ಅವನ ಮೇಲೂ ಸಿಟ್ಟು ಬಂತು. ಕೇಳುವ ಬಾಯಿ ಮುಚ್ಚಿಸಿದ್ದು ಯಾರು ಎಂಬುದು ಆಗ ಹೊಳೆಯಲಿಲ್ಲ.

ಮೂರನೆಯ ದಿನ ಗೆಳೆಯ ಬಂದದ್ದೇ ಸಂಜೆಗೆ. ಸ್ಕೂಟರು ನಿಲ್ಲಿಸಿದವನೇ ಲಾರಿಯ ಮೂತಿಯ ಕೆಳಗೆ ತೂರಿಕೊಂಡ. ಬ್ಯಾಟರಿಯ ಮೈನಸ್ಸಿನಿಂದ ಒಂದು ಉದ್ದನೆಯ ವೈರು ಎಳೆದು ಲೈಟಿನ ಹಿಂಬದಿಗೆ ಮುಟ್ಟಿಸಿದ. ಗೋಡೆ ಒಮ್ಮೆಲೇ ಬೆಳ್ಳಗಾಯಿತು. ಅದರ ಮೇಲೆ ತಟ್ಟಿದ್ದ ಬೆರಣಿಗಳಲ್ಲಿ ಅತ್ತಿಗೆಯ ಬೆರಳಿನ ಗುರುತೂ ಕಾಣುತ್ತಿತ್ತು. ವೈರು ತೆಗೆದ, ಮತ್ತೆ ಹಳದಿ.

“ಥೂ, ಅರ್ಥಿಂಗು! ಬರೋ ದಾರಿ ಸರಿಯಾಗೈತೆ, ವಾಪಸ್ ಹೋಗೋ ದಾರಿ ಕಟ್ಟೈತೆ. ಹೊಸಾ ವೈರಿನ ಅರ್ಥಿಂಗೂ ನಾನು ಅದೇ ಹಳೇ ಬೋಲ್ಟಿಗೇ ಕಟ್ಟಿದೀನಲ್ಲ ಗುರು!”

ಬೋಲ್ಟು ಇದ್ದದ್ದು ಲಾರಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಮುಂಭಾಗದಲ್ಲಿ. ಬಿಚ್ಚಿದರೆ, ವೈರಿನ ತುದಿಯ ಬಳೆ ಕೂರುವ ಜಾಗದಲ್ಲಿ ಬರೀ ಕಬ್ಬಿಣ ಇರಬೇಕಾದ ಕಡೆ ದಪ್ಪನೆ ಹಸಿರು ಬಣ್ಣ. ಬೋಲ್ಟಿನ ತಿರುಪಿಗೂ ಬಣ್ಣ, ಕರೆಂಟು ದಾಟಲು ಜಾಗವೇ ಇಲ್ಲ. ಗೆಳೆಯ ಟಾರ್ಚು ಬಿಟ್ಟು ನೋಡಿ ನಗತೊಡಗಿದ. “ಯಾವನೋ ಇದು, ವೈರು ಬಿಚ್ಚಿ, ಒಳಗೂ ನೀಟಾಗಿ ಬಳ್ದು, ಒಣಗಿಸಿ, ಆಮೇಲೆ ಕಟ್ಟವ್ನೆ!”

ನಾನೇ ಅವನು. ಪ್ರತಿ ವರ್ಷ ಆಯುಧಪೂಜೆಗೆ ಅಣ್ಣ ಲಾರಿ ತೊಳೆದು, ಕಂಡ ಕಡೆ ಬಣ್ಣದ ಬ್ರಷ್ಷು ಆಡಿಸಿ, ವಿಭೂತಿ ಕುಂಕುಮ ಇಟ್ಟು ಮುಗಿಸುತ್ತಿದ್ದ. ಅವನ ಕೆಲಸ ಒರಟು ಎಂದು ಈ ಸಲ ಬಣ್ಣ ನಾನು ವಹಿಸಿಕೊಂಡೆ. ಪೂಜೆಗೆ ನಿಲ್ಲುವ ಗಾಡಿ, ಒಂದು ಚೂರೂ ತುಕ್ಕು ಕಾಣಬಾರದು ಎಂದು ಬಿಚ್ಚಲು ಬಂದದ್ದನ್ನೆಲ್ಲ ಬಿಚ್ಚಿ ಬಳಿದಿದ್ದೆ. ಊರವರು ಹೊಸ ಲಾರಿಯೇನೋ ಎಂದಾಗ ಎದೆಯುಬ್ಬಿಸಿಕೊಂಡು ನಿಂತಿದ್ದೆ. ಲೈಟು ಸಾಲುತ್ತಿಲ್ಲ ಎಂದು ಅಣ್ಣ ಹೇಳತೊಡಗಿದ್ದು ಆ ಹಬ್ಬ ಮುಗಿದ ವಾರಕ್ಕೆ. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ. 

ಮರಳು ಕಾಗದದಲ್ಲಿ ಬಣ್ಣ ಉಜ್ಜಿ ತೆಗೆದು ಬಿಗಿದೆವು. ಗೋಡೆ ಮತ್ತೆ ಬೆಳ್ಳಗಾಯಿತು, ಈ ಸಲ ಹಾಗೇ ಉಳಿಯಿತು. ಗೆಳೆಯ ಹೋದ ಮೇಲೆ ಕೀ ಹಿಡಿದುಕೊಂಡು ಜಗಲಿಗೆ ಹೋದೆ.

“ಅಣ್ಣ, ಲೈಟೇ ಸರಿ ಇರ್ಲಿಲ್ಲ. ಅರ್ಥಿಂಗ್ ಬೋಲ್ಟಿಗೆ ನಾನೇ ಬಣ್ಣ ಬಳ್ದಿದ್ದೆ. ನಿನ್ ಕಣ್ಣು ಚೆನ್ನಾಗೇ ಐತೆ. ತಪ್ಪಾಯ್ತು. ನಾಳೆಯಿಂದ ನೀನೇ ಓಡ್ಸು.”

ಅಣ್ಣ ಎದ್ದು ಬಂದ. ಲಾರಿ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತು, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಗೋಡೆಯನ್ನು ನೋಡಿದ. ಬಾಗಿಲ ಹತ್ತಿರ ನಿಂತು ನಾನು ಕಾದೆ.

“ಚೆನ್ನಾಗೈತೆ,” ಅಂದ.

“ಕಾಣ್ತದಾ?”

“ಎಲ್ಲಾ ಕಾಣ್ತದೆ. ಆದ್ರೆ ನೀನೇ ಓಡ್ಸು, ನಂಗ್ಬೇಡ.”

“ಯಾಕಣ್ಣ? ಸಿಟ್ಟಾ?”

“ಸಿಟ್ಟೇನಿಲ್ಲ ಕಣೋ. ಮೊದ್ಮೊದ್ಲು ನೀನು ಹೇಳಿದ್ನ ನಾನು ನಂಬಿರ್ಲಿಲ್ಲ. ಆಮೇಲೆ ನಂಬ್ಬಿಟ್ಟೆ. ಈಗ ಕತ್ಲಾದ್ರೆ ಭಯ ಆಗ್ತದೆ. ಬಚ್ಚಲಿಗೆ ಹೋಗೋಕೂ ಗೋಡೆ ಹಿಡ್ಕೊಂಡೇ ಹೋಗ್ತೀನಿ.”

ಲೈಟು ಆರಿಸಿ, ಒಂದೊಂದೇ ಮೆಟ್ಟಿಲಿಗೆ ಕಾಲಿನಿಂದ ತಡಕಾಡುತ್ತಾ ಅವನು ಕೆಳಗಿಳಿದ. ಅವನು ಗೋಡೆ ಹಿಡಿದು ನಡೆಯುವುದನ್ನು ನಾನು ಎಷ್ಟೋ ಸಂಜೆ ನೋಡಿದ್ದೆ. ನೋಡಿದಾಗಲೆಲ್ಲ, ನಾನು ಹೇಳಿದ್ದೇ ಸರಿ ಎಂದುಕೊಂಡಿದ್ದೆ.