ಉಡಿ ತುಂಬಿಸಿಕೊಂಡ ಅನಾನಸ್

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಬ್ರೂಸ್‌ಪೇಟೆಯ ನಮ್ಮ ಪಕ್ಕದ ಮನೆಯಾಕೆ ಸೀಮೆಎಣ್ಣೆ ಡಬ್ಬಿಯಲ್ಲಿ ಅನಾನಸ್ ಹಣ್ಣಿನ ಜುಟ್ಟು ನೆಟ್ಟು, ಅದನ್ನು ‘ನಮ್ಮ ಹುಡುಗಿ’ ಎನ್ನುತ್ತಿದ್ದಳು. ಬಿಸಿಲೇರಿದರೆ ಮೊದಲು ಅದಕ್ಕೆ ಒದ್ದೆ ಗೋಣಿಚೀಲದ ನೆರಳು, ಆಮೇಲೆ ಗಂಡನಿಗೆ ಊಟ.

“ಈ ಬಿಸಿಲಾಗ ಅದೆಲ್ಲಿ ಹಣ್ಣು ಬಿಡತೈತಿ?” ಎಂದು ಗಂಡ ನಗುತ್ತಿದ್ದ.

“ನಮ್ಮ ಹುಡುಗಿಗೆ ಏನೂ ಅನಬ್ಯಾಡ್ರಿ.”

ಕೊನೆಗೊಂದು ಬೇಸಿಗೆ, ಎಲೆಗಳ ನಡುವೆ ಕೆಂಪು ಮೊಗ್ಗು ಕಂಡಿತು. ಆಕೆ ಓಣಿಯ ಹೆಂಗಸರನ್ನೆಲ್ಲ ಕರೆದು, ಮುಳ್ಳೆಲೆಗಳಿಗೆ ಹಸಿರು ಬಳೆ ತೊಡಿಸಿ, ಬಸುರಿಗೆ ಮಾಡುವಂತೆ ಗಿಡಕ್ಕೆ ಉಡಿ ತುಂಬಿದಳು. ಕೈತುಂಬ ಗೀರು, ಮುಖತುಂಬ ನಗು. ನಾವು ನಗುತ್ತಲೇ ಸೋಬಾನೆ ಹಾಡಿದೆವು.

ಹಣ್ಣು ಮಾವಿನಕಾಯಿಯಷ್ಟೇ ಆಯಿತು. ಓಣಿಗೆಲ್ಲ ಒಂದೊಂದು ಚೂರು ಹಂಚಿದಳು. ಮರುದಿನ ಹೋದರೆ ಹಿತ್ತಲಲ್ಲಿ ಗಂಡ, ಆ ಹಣ್ಣಿನ ಜುಟ್ಟು ನೆಟ್ಟ ಹೊಸ ಡಬ್ಬಿಗೆ ಗೋಣಿಚೀಲದ ಮರೆ ಮಾಡುತ್ತಿದ್ದ.

“ಸಾವಕಾಶ ಬರ್ರಿ,” ಎಂದ. “ಮೊಮ್ಮಗಳು ಮಲಗ್ಯಾಳ.”