ಉಡಿಯಲ್ಲಿ ಹೋದ ಗೋವಾ ನಾಕಾಣೆ

ಚಿಲ್ಲರೆಯನ್ನು ಎಣಿಸದೆ ತೆಗೆದುಕೊಂಡೇನು, ನೋಡದೆ ತೆಗೆದುಕೊಂಡವಳಲ್ಲ ನಾನು. ಎಪ್ಪತ್ತರ ದಶಕದಲ್ಲಿ ಟಿಳಕವಾಡಿಯ ಅಂಗಡಿಕಾರರಿಗೆಲ್ಲ ಇದು ಗೊತ್ತಿತ್ತು. ಹಾಲಿನವನು ಕೊಟ್ಟ ಚಿಲ್ಲರೆಯಲ್ಲಿ ಹುಲಿಯ ಚಿತ್ರದ ನಾಕಾಣೆ, ಕಾಯಿಪಲ್ಲೆಯವಳ ಹತ್ತು ಪೈಸೆಗಳ ನಡುವೆ ಸೇರಿಕೊಂಡ ಹಳೆಯ ಒಂದಾಣೆ, ಸಿಕ್ಕಿದ್ದನ್ನೆಲ್ಲ ಪೌಡರಿನ ಖಾಲಿ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಅತ್ತೆ ಅದಕ್ಕೆ ಗುಜರಿ ಡಬ್ಬಿ ಎಂದು ಹೆಸರಿಟ್ಟಿದ್ದರು. ನಾನೂ ಬಿಡುವವಳಲ್ಲ, ಅವರು ಅಟ್ಟದ ಮೇಲೆ ಕೂಡಿಹಾಕಿದ್ದ ಹರಕು ಗೋಣಿಚೀಲಗಳ ಕಡೆ ಬೆರಳು ತೋರಿಸುತ್ತಿದ್ದೆ.

ಡಬ್ಬಿಯಲ್ಲಿದ್ದವುಗಳಲ್ಲೆಲ್ಲ ಅಪರೂಪದ್ದು ಸಿಕ್ಕಿದ್ದು ಖಾನಾಪುರ ಸ್ಟೇಷನ್ನಿನ ಹೊರಗೆ. ಕಣಕುಂಬಿ ಕಡೆಯಿಂದ ಕವಳಿ ಹಣ್ಣು ತಂದು ಮಾರುವವಳು ಕೊಟ್ಟ ಚಿಲ್ಲರೆಯಲ್ಲಿ ಒಂದು ನಾಕಾಣೆ ಇತ್ತು. ಅಳತೆಯೇನೋ ನಮ್ಮದರಷ್ಟೇ, ಆದರೆ ಸಿಂಹಗಳಿಲ್ಲ. ಗುರಾಣಿಯಂಥ ಚಿತ್ರ, ಸುತ್ತ ಇಂಗ್ಲಿಷ್ ಅಕ್ಷರ. ಕೂಡಿಸಿ ಓದಿದರೆ ಇಂಗ್ಲಿಷ್ ಅಲ್ಲ, ಪೋರ್ಚುಗಲ್ಲಿನ ಹೆಸರು ಮಾತ್ರ ತಿಳಿಯಿತು. ಪೋರ್ಚುಗೀಸರ ಕಾಲದ ಗೋವಾ ನಾಣ್ಯ, ಅವರು ಹೋದ ಮೇಲೂ ಘಟ್ಟ ಹತ್ತಿ ಬಂದು ನನ್ನ ಕೈ ಸೇರಿತ್ತು. ಎಷ್ಟೋ ಜನರ ಕೈ ದಾಟಿದ್ದನ್ನು ನಾನೊಬ್ಬಳೇ ಗುರುತಿಸಿದೆನಲ್ಲ ಎಂದು ಬೀಗಿದೆ. ಬೂದಿ ಹಚ್ಚಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿಟ್ಟೆ.

ಆ ಹೊಳಪೇ ಕೆಡಿಸಿತು. ಖಾನಾಪುರಕ್ಕೆ ಕೊಟ್ಟಿದ್ದ ನಾದಿನಿ ತವರಿಗೆ ಬಂದು ಹೊರಡುವ ದಿನ ಅತ್ತೆ ಅವಳ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಬಸದ ಖಣ, ಮೇಲೊಂದು ನಾಣ್ಯ. ನಾನು ಒಳಗೆ ಬುತ್ತಿ ಕಟ್ಟುತ್ತಿದ್ದೆ. ಸಂಜೆ ಡಬ್ಬಿ ತೆಗೆದರೆ ಗೋವಾ ನಾಕಾಣೆ ಇಲ್ಲ.

“ಮಗಳ ಉಡಿಗೆ ಮಾಸಿದ ರೊಕ್ಕ ಹೆಂಗ ಹಾಕ್ಲಿ? ಅದೊಂದ ಬೆಳ್ಳಗ ಇತ್ತು,” ಎಂದರು ಅತ್ತೆ.

“ನನ್ನ ಒಂದ ಮಾತ ಕೇಳಬೇಕಿತ್ತಲ್ರೀ ಅತ್ತಿ.”

“ನಾಕಾಣೇಕ್ಕ ಏನ ಕೇಳೂದು? ಇನ್ನ ಉಡ್ಯಾಗ ಹಾಕಿದ್ದು ವಾಪಸ್ ಕೇಳೂಹಂಗಿಲ್ಲ.”

ಅದು ನನಗೂ ಗೊತ್ತಿತ್ತು. ಎಂಟು ದಿನ ಮುಖ ಊದಿಸಿಕೊಂಡೇ ರೊಟ್ಟಿ ಬಡಿದೆ.

ನಾಗರ ಪಂಚಮಿ ಹತ್ತಿರ ಬಂದಾಗ ನಾದಿನಿ ಈ ಸಲ ಬರುವುದಿಲ್ಲವೆಂದು ಹೇಳಿ ಕಳಿಸಿದಳು. ಕಾರಣ ಹೇಳಿರಲಿಲ್ಲ. ಪಂಚಮಿಗೆ ಮಗಳು ಬಾರದ ತವರು ಎಂಥದು? ಅತ್ತೆ ನನ್ನನ್ನೂ ಎಬ್ಬಿಸಿಕೊಂಡು ಖಾನಾಪುರದ ರೈಲು ಹತ್ತಿದರು.

ನಾದಿನಿ ನೀರು ಕೊಟ್ಟಳು. ಆಮೇಲೆ ಒಳಗಿನಿಂದ ಆ ನಾಕಾಣೆಯನ್ನು ತಂದು ಅವ್ವನ ಮುಂದಿಟ್ಟಳು.

“ಕಿರಾಣಿ ಅಂಗಡ್ಯಾಂವ ನಾಕ ಮಂದಿ ಮುಂದ ಇದನ್ನ ವಾಪಸ್ ಕೊಟ್ಟ. ಚಾಲ್ತಿ ಇಲ್ಲ ಅಂದ. ನನ್ನ ಉಡಿಗೆ ಖೋಟಾ ರೊಕ್ಕ ಹಾಕಿದ್ಯಲ್ಲವ್ವಾ, ಅಷ್ಟ ಬ್ಯಾಡಾಗೇನೇನ ನಾ?”

ಅತ್ತೆಯ ಮುಖ ಸಣ್ಣಗಾಯಿತು. ಯಾರಿಗೂ ಜಗ್ಗದ ಹೆಂಗಸು ನನ್ನ ಕಡೆ ನೋಡಿದರು. ನಾಣ್ಯ ನನ್ನ ಕೈಗೆ ಎಟಕುವಷ್ಟು ಹತ್ತಿರ ಇತ್ತು. ನಿನಗೆ ಬೇಡವಾದರೆ ನನಗೆ ಕೊಡು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು.

“ಖೋಟಾ ಅಲ್ಲ ಇದು,” ಎಂದೆ. ಅಕ್ಷರಗಳ ಮೇಲೆ ಬೆರಳಿಟ್ಟು ಓದಿ ತೋರಿಸಿದೆ. ಎಲ್ಲಿಯದು, ಯಾರ ಕಾಲದ್ದು ಎಂದು ಹೇಳಿದೆ. “ಚಾಲ್ತಿ ಇಲ್ಲ, ಖರೇ. ಚಾಲ್ತಿ ಇರೂವು ಎಲ್ಲಾರ ಕಿಸೇದಾಗೂ ಇರತಾವು. ನಮ್ಮ ಮನ್ಯಾಗ ಇದ್ದದ್ರಾಗ ಇದ ಎಲ್ಲಾದಕ್ಕಿಂತ ಛಲೋದು. ಅದಕ್ಕ ಅತ್ತಿ ಇದನ್ನ ಆರಿಸಿ ನಿನಗ ಹಾಕಿದ್ರು.”

“ಖರೇನ ವೈನಿ?”

ಹೂಂ ಎಂದೆ. ಅವಳು ನಾಣ್ಯವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಣ್ಣೊರೆಸಿಕೊಂಡಳು, ಪಂಚಮಿಗೆ ಯಾವತ್ತು ಬರಲಿ ಎಂದು ಅವ್ವನನ್ನು ಕೇಳಿದಳು. ನನ್ನ ನಾಕಾಣೆ ಎರಡನೆಯ ಸಲ ಹೋಯಿತು, ಈ ಸಲ ನಾನೇ ಕೊಟ್ಟೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ನನ್ನ ಬಗ್ಗೆ ನನಗೇ ಹೆಮ್ಮೆ ಎನಿಸಿತ್ತು.

ವಾಪಸು ಬರುವಾಗ ರೈಲಿನಲ್ಲಿ ಅತ್ತೆ ನನ್ನೊಂದಿಗೆ ಆ ಮಾತೇ ಎತ್ತಲಿಲ್ಲ. ಎದುರು ಕುಳಿತಿದ್ದ ಹೆಂಗಸು ಇವರು ಯಾರು ಎಂದು ನನ್ನ ಕಡೆ ತೋರಿಸಿ ಮರಾಠಿಯಲ್ಲಿ ಕೇಳಿದಳು. ಅತ್ತೆ ಬೋಗಿಗೆಲ್ಲ ಕೇಳುವಂತೆ ಕನ್ನಡದಲ್ಲೇ ಹೇಳಿದರು:

“ನಮ್ಮ ಸೊಸಿ. ಪೋರ್ತುಗೀಜ್ ಓದತಾಳ.”

ನನಗೆ ಪೋರ್ಚುಗೀಸಿನ ಒಂದು ಪದವೂ ಬಾರದು. ತಿದ್ದಲಿಲ್ಲ. ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತೆ.