ತಂಗಿಯ ಒಪ್ಪಿಗೆ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೆರಳಿಗೆ ತಿಳಿಯುತ್ತಿತ್ತು. ಎಲ್ಲವೂ ಕರಾರುವಾಕ್ಕಾಗಿರಬೇಕೆನ್ನುವ ಆ ಸ್ವಭಾವವೇ ಅವಳಿಗೆ ಮುಳುವಾಯಿತು.

ಮದುವೆಯಾಗಿ ಹತ್ತು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ತಂಗಿ ಮೂರನೇ ಹೆರಿಗೆಯ ನಂತರ ಹಾಸಿಗೆ ಹಿಡಿದವಳು, "ಅಕ್ಕಾ, ಇವಳನ್ನ ನೀನೇ ಇಟ್ಕೊಂಡ್ಬಿಡು, ನನ್ನ ಕೈಲಿ ಆಗಲ್ಲ" ಎಂದು ಇಪ್ಪತ್ತು ದಿನದ ಕೂಸನ್ನು ಮಡಿಲಿಗೆ ಹಾಕಿದಳು. ಎಲ್ಲಾ ಬಾಯಿಮಾತು. ಮಗುವಿಗೆ ಗುಬ್ಬಿ ಎಂಬ ಅಡ್ಡಹೆಸರೇ ನಿಂತಿತು. ಹೆತ್ತವಳು ಯಾರೆಂದು ಯಾರೂ ಮುಚ್ಚಿಡಲಿಲ್ಲ. ಆದರೂ ಗುಬ್ಬಿಗೆ ಇವಳು ಅಮ್ಮ, ಹೆತ್ತವಳು ಚಿಕ್ಕಮ್ಮ.

ಎಂಟನೇ ವರ್ಷದಲ್ಲಿ ಗುಬ್ಬಿ ಶಾಲೆಯ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಳು. ಆಸ್ಪತ್ರೆಯ ಗುಮಾಸ್ತ ಕಾಗದ ನೋಡಿ, "ನೀವು ತಾಯಿ ಅಲ್ವಲ್ಲ, ಸಹಿ ಹೆತ್ತವರೇ ಹಾಕ್ಬೇಕು" ಎಂದ. ತಂಗಿ ಬರುವವರೆಗೆ ಮೂರು ಗಂಟೆ ಮಗು ನರಳುತ್ತಾ ಮಲಗಿತ್ತು. ಅವತ್ತೇ ಅವಳು ಪಟ್ಟುಹಿಡಿದಳು, ಕಾನೂನಿನ ಪ್ರಕಾರ ದತ್ತು ತೆಗೆದುಕೊಳ್ಳಬೇಕು.

"ಸುಮ್ನಿರೋದನ್ನ ಯಾಕೆ ಕೆದಕ್ತೀಯ?" ಎಂದ ಬಸ್ ಕಂಡಕ್ಟರ್ ಗಂಡ.

"ಕೆದಕ್ತಿಲ್ಲ, ಗಟ್ಟಿ ಮಾಡ್ತಿದೀನಿ."

ಅಂಗಡಿಗೆ ರಜೆ ಹಾಕಿ ಕಚೇರಿ ಕಚೇರಿ ಅಲೆದಳು. ಮದುವೆಯ ದಾಖಲೆ, ಸಂಬಳದ ಚೀಟಿ, ಇಬ್ಬರ ಆರೋಗ್ಯದ ಪತ್ರ, ಪೊಲೀಸರ ಪತ್ರ, ಪರಿಚಯದವರಿಬ್ಬರ ಮಾತು, ಮಗುವಿಗೂ ತನಗೂ ರಕ್ತಸಂಬಂಧವಿದೆ ಎಂಬುದಕ್ಕೆ ಪುರಾವೆ. ಮಕ್ಕಳ ಇಲಾಖೆಯ ಅಧಿಕಾರಿ ಮನೆಗೇ ಬಂದು ಗುಬ್ಬಿಯ ಹಾಸಿಗೆ ಮುಟ್ಟಿ ನೋಡಿದಳು, ಬೀರು ತೆಗೆಸಿದಳು, ಗುಬ್ಬಿಯನ್ನು ಪಕ್ಕಕ್ಕೆ ಕರೆದು ಕೇಳಿದಳು. "ನಂಗೆ ಇಲ್ಲೇ ಇರ್ಬೇಕು" ಎಂದಳು ಗುಬ್ಬಿ. ಅಧಿಕಾರಿ ಅದನ್ನೂ ಬರೆದುಕೊಂಡಳು.

ಉಳಿದಿದ್ದು ಹೆತ್ತವರ ಒಪ್ಪಿಗೆ. ತಂಗಿಯ ಗಂಡ ಎರಡು ನಿಮಿಷದಲ್ಲಿ ಸಹಿ ಹಾಕಿ ಹೊರಗೆ ಬಂದ. ತಂಗಿಯನ್ನು ಅಧಿಕಾರಿ ಒಬ್ಬಳನ್ನೇ ಒಳಗೆ ಕೂರಿಸಿಕೊಂಡಳು, ನಿಯಮವೇ ಹಾಗಂತೆ. ಯಾರಾದರೂ ಒತ್ತಾಯ ಮಾಡಿದರಾ? ಆದೇಶವಾದ ಮೇಲೆ ಜನನ ಪತ್ರದಲ್ಲಿ ನಿಮ್ಮ ಹೆಸರಿರುವುದಿಲ್ಲ, ಮಗುವಿನ ಮೇಲೆ ನಿಮಗೆ ಹಕ್ಕಿರುವುದಿಲ್ಲ, ಅರ್ಥವಾಯಿತಾ? ಮನಸ್ಸು ಬದಲಾದರೆ ಅರವತ್ತು ದಿನದೊಳಗೆ ಒಪ್ಪಿಗೆ ವಾಪಸ್ ಪಡೆಯಬಹುದು.

ತಂಗಿ ಸಹಿ ಹಾಕಿದಳು. ಆದರೆ ಹೊರಗೆ ಬಂದವಳು ಅಕ್ಕನ ಮುಖ ನೋಡಲಿಲ್ಲ.

ಐವತ್ಮೂರನೇ ದಿನ ಇಲಾಖೆಯಿಂದ ಪತ್ರ ಬಂತು. ತಾಯಿ ಒಪ್ಪಿಗೆ ಹಿಂಪಡೆದಿದ್ದಾರೆ, ಅರ್ಜಿ ಮುಕ್ತಾಯ. ಅವಳು ಕೆಲಸದ ಏಪ್ರನ್ನಿನಲ್ಲೇ ತಂಗಿಯ ಮನೆಗೆ ಓಡಿದಳು.

"ನಾನು ಸಾಕೋಕೆ ಕೊಟ್ಟಿದ್ದೆ ಅಕ್ಕಾ" ಎಂದಳು ತಂಗಿ, ಬಾಗಿಲಲ್ಲೇ ನಿಂತು. "ನನ್ನ ಹೆಸರೇ ಅಳಿಸಿ ಹಾಕ್ತಾರೆ ಅಂತ ಅವತ್ತಿನವರೆಗೂ ಗೊತ್ತಿರ್ಲಿಲ್ಲ. ಆ ಆಫೀಸರಮ್ಮ ಕೇಳಿದ್ಮೇಲೆ ನಿದ್ದೆನೇ ಬಂದಿಲ್ಲ. ಈಗ ನಾನೂ ಚೆನ್ನಾಗಿದೀನಿ."

"ಎಂಟು ವರ್ಷ ಎಲ್ಲಿಗೆ ಹೋಗಿತ್ತೇ ಈ ತಾಯ್ತನ?"

"ಯಾರೂ ಕೇಳಿರ್ಲಿಲ್ವಲ್ಲ."

ಇನ್ನು ಕೋರ್ಟಿಗೆ ಹೋದರೂ ಹೆತ್ತವಳ ಒಪ್ಪಿಗೆಯಿಲ್ಲದೆ ದತ್ತು ಆಗದು ಎಂದರು ವಕೀಲರು. ಒಂದು ಭಾನುವಾರ ತಂಗಿ ಬಂದು ಗುಬ್ಬಿಯನ್ನು ಕರೆದುಕೊಂಡು ಹೋದಳು. ಗುಬ್ಬಿ ಬಾಗಿಲ ಚಿಲಕ ಹಿಡಿದುಕೊಂಡಿದ್ದಳು. ಅದರಿಂದ ಒಂದೊಂದೇ ಬೆರಳು ಬಿಡಿಸಿದವಳು ಇವಳೇ. ಗಂಡ, "ನಾನು ಅವತ್ತೇ ಹೇಳ್ಲಿಲ್ವಾ" ಎನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮೂರು ತಿಂಗಳಾದ ಮೇಲೆ ಅಂಗಡಿಗೆ ತಂಗಿಯ ಫೋನು ಬಂತು. "ಅಕ್ಕಾ, ಇವಳಿಗೆ ವಿಪರೀತ ಜ್ವರ. ಯಾವುದೋ ಒಂದು ಔಷಧಿ ಆಗಿಬರಲ್ಲ ಅಂತಿದ್ಯಲ್ಲ, ಯಾವುದದು? ಡಾಕ್ಟ್ರು ಕೇಳ್ತಿದಾರೆ."

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಒಂದೆರಡು ಉಸಿರಿನಷ್ಟು ಹೊತ್ತು, ತಾಯಿಯಾದವಳಿಗೆ ಗೊತ್ತಿರಬೇಕಲ್ಲವೇ ಎಂಬ ಮಾತು ನಾಲಿಗೆಯ ತುದಿಯಲ್ಲಿ ಕೂತಿತ್ತು. ಆಮೇಲೆ ಔಷಧಿಯ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿ, ಬರೆದುಕೊಂಡೆಯಾ ಎಂದು ಎರಡು ಸಲ ಕೇಳಿದಳು.

"ತಗೋ ಮಾತಾಡು, ದೊಡ್ಡಮ್ಮ ಫೋನಲ್ಲಿದಾರೆ" ಎಂದು ತಂಗಿ ಆ ಕಡೆ ಗುಬ್ಬಿಗೆ ಹೇಳಿದ್ದು ಕೇಳಿಸಿತು. ಅವಳು ಫೋನು ಇಟ್ಟುಬಿಟ್ಟಳು. ಉತ್ತರ ಕೊಡದೆ ತಡೆದ ಆ ಎರಡು ಉಸಿರಿನ ವಿಷಯವನ್ನು ಅವಳು ಗಂಡನಿಗೂ ಎಂದೂ ಹೇಳಲಿಲ್ಲ.